ಜಿನ್ನಪ್ಪನ ಮೊಬೈಲಿನ ಹಾಡು

ದೀಪ ಆರಿಸಬ್ಯಾಡ, ಇರ್ಲಿ ಬಿಡು. ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನಮ್ಮ ಮೈದುನನ ಮಗ ಶಾಂತಿನಾಥಗ ಆಗಿದ್ದು. ಅಕ್ಕೋಳದಾಗ, ಹ್ವಾದ ವರ್ಷ ಚಳಿ ದಿನದಾಗ.

ಆಗ ಹೊಲಕ್ಕ ರಾತ್ರಿ ಪಾಳಿ ಕರೆಂಟ್. ಹನ್ನೊಂದಕ್ಕ ಕರೆಂಟ್ ಹೋಗೂದು. ಕಬ್ಬಿಗೆ ನೀರ ಬಿಟ್ಟು ಶಾಂತಿನಾಥ ಒಬ್ಬನ ಮನಿಗೆ ಹೊಂಟಿದ್ದ. ದಾರ್ಯಾಗ ಜಿನ್ನಪ್ಪನ ಬಾಂವಿ, ಬಾಂವಿ ಮ್ಯಾಲ ಆಲದ ಗಿಡ. ಅಲ್ಲಿಂದ ಹತ್ತು ಮಾರು ದೂರ ಜಿನ್ನಪ್ಪನ ತ್ವಾಟದ ಮನಿ.

ಮೋಟರ್ ನಿಂತ್ರ ಪೈಪಿನ್ಯಾಗಿನ ನೀರು ಹೊಳ್ಳಿ ಬಾಂವಿಗೆ ಬೀಳತೈತಿ... ಗಳಗಳ, ಗಳಗಳ... ಆಮ್ಯಾಲ ತೊಟ್... ತೊಟ್... ಅದೂ ನಿಂತಿತು.

ಮನಿಯಾಗಿಂದ ಹಾಡು ಕೇಳಾಕತ್ತಿತ್ತು. ಜಿನ್ನಪ್ಪ ದಿನಾ ಮಲಗೂ ಮುಂದ ಹಚ್ಚೂ ಹಾಡ. ಅದಕ್ಕ ಅಂಜೂದೇನಿಲ್ಲ. ಹಾಡು ನಿಂತಿತು. ಒಳಗ ಚಿಲಕ ಬಿತ್ತು... ಖಟ್.

ಆಗ ಬಾಂವಿಯಾಗಿಂದ ಒಂದು ಹೆಣ್ಣಿನ ಧ್ವನಿ ಎದ್ದಿತು.

ಸಣ್ಣ ಧ್ವನಿ. ಒಂಟಿ ಧ್ವನಿ. ಅಳೂದಲ್ಲ, ಕರಿಯೂದಲ್ಲ... ಹಾಡೂದು. ಮನಿಯಾಗಿನ ಹಾಡು ಎಲ್ಲಿ ನಿಂತಿತ್ತೋ, ಅಲ್ಲಿಂದ ಮುಂದ.

ಶಾಂತಿನಾಥ ಚಪ್ಪಲಿ ಅಲ್ಲೇ ಬಿಟ್ಟು ಓಡಿ ಬಂದು ನನ್ನ ಬಾಗಿಲ ಬಡದ.

"ದೊಡ್ಡವ್ವಾ... ಪ್ರಾಜಕ್ತಾನ ಧ್ವನಿ. ಬಾಂವಿಯಾಗ."

"ಬಾಯಿ ಮುಚ್ಚ ಲೇ," ಅಂದೆ. "ಸತ್ತಾಕಿ ಹೆಸರು ತಗದು ಆ ಜಿನ್ನಪ್ಪನ ಹೊಟ್ಟಿ ಉರಸಬ್ಯಾಡ."

"ಬಸದಿಯಾಗ ಆಕಿ ಬಾಜೂಕ ಕುಂತು ಹತ್ತು ವರ್ಷ ಹಾಡೇನಿ ನಾ. ನನಗ ಗೊತ್ತಾಗೂದಿಲ್ಲ ಏನು?"

ಪ್ರಾಜಕ್ತಾ ಜಿನ್ನಪ್ಪನ ಒಬ್ಬಾಕಿನ ಮಗಳು. ತಾಯಿ ಇಲ್ಲದ ಕೂಸು. ಮಿರಜದಾಗ ನರ್ಸ್ ಕಲಿಯಾಕ ಹೋಗಿ ಅಲ್ಲಿ ಒಂದು ಹಾಡೂ ಗುಂಪಿಗೆ ಸೇರಿದ್ಲು. ಕ್ರಿಶ್ಚನ್ ದೇವರ ಪೂಜಾದ ಹಾಡು. ಇನ್ನೂರೈವತ್ತು ವರ್ಷದ ಹಿಂದ ಆಸ್ಟ್ರಿಯಾ ಅನ್ನೂ ದೇಶದಾಗ ಒಬ್ಬ ಪಂಡಿತ ಕಟ್ಟಿದ್ದಂತ. ತಬಲಾ ಇಲ್ಲ, ತಾಳ ಇಲ್ಲ. ನಾಲ್ವತ್ತು ಮಂದಿ ಒಮ್ಮೆ ಬಾಯಿ ತೆಗಿಯೂದು... ಗಂಡಸರ ಧ್ವನಿ ಕಂಬಳಿ ಹಾಸಿದಂಗ ಕೆಳಗ, ಹೆಂಗಸರದು ಮ್ಯಾಲ ಮ್ಯಾಲ ಏರಿಕೋತ. ಅರ್ಥ ಒಂದೂ ತಿಳಿಯೂದಿಲ್ಲ. ಆದ್ರ ಕೇಳಿದ್ರ ಎದಿ ಹಿಂಡತೈತಿ.

ಅದಕ್ಕೂ ಮೂರು ವರ್ಷ ಮೊದಲ ಆಕಿಗೆ ಡೆಂಗಿ ಜ್ವರ ಬಂತು. ಐದ ದಿನ. ಹುಡುಗಿ ಉಳೀಲಿಲ್ಲ. ತಿಂಗಳಾದ ಮ್ಯಾಲ ಆ ಗುಂಪಿಗೆ ಹಾಡ ಕಲಸೂ ಬಾಯಾರು ಜಿನ್ನಪ್ಪನ ಮೊಬೈಲಿಗೆ ಹಾಡು ಕಳಿಸಿದ್ರು. ಕೆಳಗ ಮರಾಠಿಯಾಗ 'ಆಮಚೀ ಪ್ರಾಜಕ್ತಾ' ಅಂತ ಬರದಿದ್ರು, ನಮ್ಮ ಪ್ರಾಜಕ್ತಾ ಅಂತ. ಆಕಿ ಫೋಟೋ ಮನಿಯಾಗ ಇಪ್ಪತ್ತು ಅದಾವು. ಧ್ವನಿ ಮಾತ್ರ ಎಲ್ಲೂ ಇಲ್ಲ. ಅದಕ್ಕ ಜಿನ್ನಪ್ಪ ದಿನಾ ರಾತ್ರಿ ಆ ನಾಲ್ವತ್ತು ಮಂದಿ ಒಳಗ ಮಗಳನ್ನ ಹುಡಕತಿದ್ದ.

ಮರದಿನ ಸಂಜಿಕ ನಾನೂ ಶಾಂತಿನಾಥನೂ ತ್ವಾಟಕ್ಕ ಹ್ವಾದ್ವಿ.

"ಬಾ ಅಕ್ಕಾ," ಅಂದ ಜಿನ್ನಪ್ಪ. "ಎರಡು ತುತ್ತು ಉಣ್ಣು, ಹೊತ್ತು ಮುಳಗಾಕ ಇನ್ನೂ ಯಾಳೆ ಐತಿ."

"ಊಟ ಬ್ಯಾಡ ತಮ್ಮಾ. ಆ ಹಾಡು ಹಚ್ಚು."

ಹಚ್ಚಿದ. ಕಣ್ಣು ಮುಚ್ಚಿ ಕುಂತ. "ಇದರಾಗ ಪ್ರಾಜುಂದು ಯಾವುದಂತ ಗೊತ್ತ ಆಗವಲ್ದು ಅಕ್ಕಾ. ಎಲ್ಲಾ ಕೂಡಿ ಕಲಸಿಬಿಟ್ಟಾವು."

ಹಾಡು ಏರಿತು, ಏರಿತು... ಪಟ್ನ ನಿಂತಿತು. ನಮ್ಮ ಭಜನಿಯಾಗ ಹಾಡು ನಿಂತರ ಮುಗೀತು, ಕೈ ಮುಗಿಯೂದು, ಏಳೂದು. ಜಿನ್ನಪ್ಪನೂ ಮೊಬೈಲಿಗೆ ಕೈ ಮುಗದ. ಆರಿಸಾಕ ಹೆಬ್ಬಟ್ಟು ಒತ್ತಬೇಕು, ಶಾಂತಿನಾಥ ಅವನ ಮುಂಗೈ ಹಿಡದ.

"ತಡಿ ಕಾಕಾ."

"ಮುಗೀತಲ್ಲೋ."

"ಮುಗದಿಲ್ಲ. ತಡಿ..."

ಮೂವರೂ ಉಸಿರು ಹಿಡಿದ್ವಿ. ಹೊರಗ ಎಮ್ಮಿ ಮೆಲಕ ಹಾಕೂದು ಕೇಳಾಕತ್ತಿತ್ತು... ಕರಕ್... ಕರಕ್...

ಆಮ್ಯಾಲ ಮೊಬೈಲಿನಾಗ ಒಂದ ಧ್ವನಿ ಎದ್ದಿತು. ಒಂಟಿ.

ಶಾಂತಿನಾಥ ನನ್ನ ಕಿವಿಯಾಗ, "ಇದ, ದೊಡ್ಡವ್ವಾ... ಬಾಂವಿಯಾಗ ಕೇಳಿದ್ದು ಇದ," ಅಂದ.

ಜಿನ್ನಪ್ಪ ಅಳಲಿಲ್ಲ. ಮೊಬೈಲ್ ಎತ್ತಿ ಕೆನ್ನಿಗೆ ಹಚ್ಚಿಕೊಂಡ. "ಸ ಅನ್ನೂವಾಗ ಸುಂಯ್ ಅಂತೈತಿ, ಕೇಳಿದೇನು ಅಕ್ಕಾ? ಎರಡನೇ ಕ್ಲಾಸಿನ್ಯಾಗಿದ್ದಾಗ ಬಾಂವಿ ಕಟ್ಟಿ ಮ್ಯಾಲ ಬಿದ್ದು ಮುಂದಿನ ಹಲ್ಲು ಮುರಕೊಂಡಿದ್ಲಲ್ಲ... ಅಲ್ಲಿಂದ ಗಾಳಿ ಹೊಂಡತೈತಿ." ಮೊಬೈಲಿಗೆ ಮೆಲ್ಲಕ ಅಂದ, "ಮೂರು ವರ್ಷ ದಿನಾ ನಾನ ನಿನ್ನ ಬಾಯಿ ಮುಚ್ಚಿಸಿದ್ನಲ್ಲ, ನನ್ನವ್ವಾ."

ಅವತ್ತಿಂದ ಬಾಂವಿಯಾಗ ಧ್ವನಿ ಬರಲಿಲ್ಲ. ಜಿನ್ನಪ್ಪ ಈಗ ಹಾಡು ಪೂರಾ ಕೇಳಿ ಮಲಗತಾನ.

ಕತಿ ಇಲ್ಲಿಗೆ ಮುಗದಿದ್ರ ನಾ ನಿಮಗ ಹೇಳತಿದ್ದಿಲ್ಲ.

ಯುಗಾದಿ ಆದ ಮ್ಯಾಲ ಜುಗೂಳದ ಕಾಂಚನಾ ನಮ್ಮ ಮನಿಗೆ ಬಂದಿದ್ಲು. ಪ್ರಾಜಕ್ತಾನ ಗೆಳತಿ, ಅದ ಗುಂಪಿನಾಕಿ. ಲಗ್ನದ ಕಾರ್ಡ್ ಕೊಡಾಕ. ನಾ ಖುಷೀಲೆ ಎಲ್ಲಾ ಹೇಳಿದೆ. ಹುಡುಗಿ ಮಾರಿ ಬಿಳಚಿತು.

"ಆಯಿ... ರೆಕಾರ್ಡಿಂಗ್ ದಿನ ಪ್ರಾಜಕ್ತಾ ಬಂದಿದ್ದಿಲ್ಲ."

"ಏನಂತಿ ಬೇ?"

"ಐಸಿಯುದಾಗ ಇದ್ಲು. ಆ ಒಂಟಿ ಭಾಗ ಆಕೀದ, ಆರು ತಿಂಗಳ ತಯಾರಿ ಮಾಡಿದ್ಲು. ಆಕಿ ಬದಲಿ ನಾ ಹಾಡೇನಿ. ಕಾಕಾಗ ಹೆಂಗ ಹೇಳೂದು ಆಯಿ... ಬಾಯಿ ಬರಲಿಲ್ಲ."

ತನ್ನ ಮೊಬೈಲ್ ತಗದು ಕೇಳಿಸಿದ್ಲು. ಅದ ಹಾಡು, ಅದ ತಾರೀಖು. ನಡುವ ನಿಂತಿತು... ಮುಂದ ಕಾಂಚನಾನ ಧ್ವನಿ ಬಂತು.

ನನ್ನ ಮಮ್ಮಗನ ಫೋಟೋ ನೋಡಬೇಕು ಅಂತ ಸುಳ್ಳ ಹೇಳಿ ಜಿನ್ನಪ್ಪನ ಮೊಬೈಲ್ ಇಸಕೊಂಡು ಬಂದೆ. ಅದ ಹಾಡು, ಅದ ಜಾಗಾ... ಅದರಾಗ ಪ್ರಾಜಕ್ತಾನ ಧ್ವನಿ.

ಜಿನ್ನಪ್ಪಗ ಇನ್ನೂ ಹೇಳಿಲ್ಲ. ನೀವೂ ಹೇಳಬ್ಯಾಡ್ರಿ. ನಂಬತೀರೋ ಬಿಡ್ತೀರೋ ನಿಮಗ ಬಿಟ್ಟಿದ್ದು... ಈ ಕೈಯಾಗ ಒಂದು, ಈ ಕೈಯಾಗ ಒಂದು, ಎರಡೂ ಮೊಬೈಲ್ ಹಿಡಕೊಂಡು ನಾನ ಕೇಳೀನಿ.