ನಡುಗುವ ನೌಕೆಯ ಕ್ಯಾಪ್ಟನ್

ವೇದಿಕೆಯ ಮೇಲಿರುವ ಹಿರಿಯರೆ, ಮುಂದಿನ ಸಾಲಿನಲ್ಲಿ ಕುಳಿತಿರುವ ಅತ್ತಿಗೆಯವರೆ, ಮಗಳೆ, ನಮ್ಮ ಪತ್ರಿಕೆಯ ಬಳಗದವರೆ — ಎಲ್ಲರಿಗೂ ನಮಸ್ಕಾರ. ನಾನು ಭಾಷಣಕಾರನಲ್ಲ, ಪುಟ ಕಟ್ಟುವವನು. ಹತ್ತೊಂಬತ್ತು ವರ್ಷ ನಮ್ಮ ವ್ಯಂಗ್ಯಚಿತ್ರಕಾರರ ಪಕ್ಕದ ಮೇಜಿನಲ್ಲಿ ಕೂತವನು. ಆ ಸಲುಗೆಯಿಂದ ನಾಲ್ಕು ಮಾತು.

ನಾವೆಲ್ಲ ಅವರನ್ನು ಕ್ಯಾಪ್ಟನ್ ಎಂದೇ ಕರೆಯುತ್ತಿದ್ದೆವು. ಟೀವಿಯಲ್ಲಿ ಬಾಹ್ಯಾಕಾಶದ ಆ ಧಾರಾವಾಹಿ ವರ್ಷಗಟ್ಟಲೆ ಓಡಿತಲ್ಲ — ನಾಯಕ ಎದೆಯುಬ್ಬಿಸಿ ವಾರಕ್ಕೊಮ್ಮೆ ಬ್ರಹ್ಮಾಂಡವನ್ನು ಉಳಿಸುತ್ತಿದ್ದನಲ್ಲ — ಅದನ್ನೇ ಇವರು ನಮ್ಮ ಭಾನುವಾರದ ಕೊನೆಯ ಪುಟದಲ್ಲಿ, ನಾಲ್ಕು ಚೌಕದ ಚಿತ್ರದಲ್ಲಿ ಅಣಕಿಸುತ್ತಿದ್ದರು. ಇವರ ನೌಕೆ ಥೇಟ್ ನಮ್ಮ ಆಫೀಸು. ಶತ್ರುಗಳು ಬಾಗಿಲಿಗೆ ಬಂದಿದ್ದಾರೆ. ಕ್ಯಾಪ್ಟನ್ ಕೂಗುತ್ತಾನೆ: "ಬೇಗ ಫಿರಂಗಿ ರೂಮು ತೆಗೀರಿ!" ಗುಮಾಸ್ತ ತಲೆಯೆತ್ತದೆ ಹೇಳುತ್ತಾನೆ: "ಸಾರ್, ಕೀಲಿ ಇರೋರು ಊಟಕ್ಕೆ ಹೋಗಿದಾರೆ." — ನಗಿ, ಪರವಾಗಿಲ್ಲ. ಅವರೇನೂ ಬೇಜಾರು ಮಾಡಿಕೊಳ್ಳುವವರಲ್ಲ.

ಎರಡು ವರ್ಷದ ಹಿಂದೆ ಆ ನೌಕೆ ಅಲುಗಾಡತೊಡಗಿತು. ಗೋಡೆ ಸೊಟ್ಟ, ಕುರ್ಚಿ ಸೊಟ್ಟ, ಕ್ಯಾಪ್ಟನ್ನನ ಮೂಗೂ ಸೊಟ್ಟ. "ಇಂಜಿನ್ ಕೆಟ್ಟಿದೆ, ಎಲ್ಲರೂ ಗಟ್ಟಿಯಾಗಿ ಹಿಡ್ಕೊಳ್ಳಿ" ಎಂದು ಬರೆದರು. ಓದುಗರು ಬಿದ್ದು ಬಿದ್ದು ನಕ್ಕರು. ವಾರವಾರವೂ ರಿಪೇರಿ, ವಾರವಾರವೂ ನಡುಕ. ನಾನೂ ನಕ್ಕೆ — ನಕ್ಕು ಸುಮ್ಮನಾಗಲಿಲ್ಲ. ಒಂದು ಮಧ್ಯಾಹ್ನ ಹಾಳೆಯನ್ನು ಎಲ್ಲರೆದುರು ಹೀಗೆ ಎತ್ತಿ ಹಿಡಿದು, "ಏನ್ ಕ್ಯಾಪ್ಟನ್, ಬಸ್ಸಲ್ಲಿ ನಿಂತ್ಕೊಂಡು ಬರೆದ್ರಾ?" ಎಂದೆ. ಅವರೂ ನಕ್ಕರು. ನಗುತ್ತಲೇ ಬಲಗೈಯನ್ನು ಮೆಲ್ಲಗೆ ಜೇಬಿಗೆ ಇಳಿಸಿದರು.

ನೋಡಿದೆ. ತಿಳಿಯಲಿಲ್ಲ.

ಅದು ನರದ ಕಾಯಿಲೆ. ಮನೆಯವರಿಗೆ ಮಾತ್ರ ಗೊತ್ತಿತ್ತು. ಕೈ ನಡುಗುವುದನ್ನು ಬಚ್ಚಿಡಲಾಗದೆ ಅವರು ನೌಕೆಯನ್ನೇ ನಡುಗಿಸಿಬಿಟ್ಟಿದ್ದರು.

ಆಮೇಲೆ ಅವರು ಆಫೀಸಿಗೆ ಬರುವುದನ್ನು ಬಿಟ್ಟು ಮನೆಯಿಂದಲೇ ಚಿತ್ರ ಕಳಿಸತೊಡಗಿದರು. ಒಂದು ವಾರ ಇದ್ದಕ್ಕಿದ್ದಂತೆ ಗೆರೆ ನೆಟ್ಟಗಾಯಿತು. ಫೋನ್ ಮಾಡಿ, "ಅಂತೂ ಇಂಜಿನ್ ಸರಿಹೋಯ್ತಲ್ಲ!" ಎಂದೆ. "ಹೊಸ ಮೆಕ್ಯಾನಿಕ್ ಸಿಕ್ಕಿದಾಳೆ ಕಣೋ" ಎಂದರು. ಆ ಮೆಕ್ಯಾನಿಕ್ ಇಲ್ಲೇ ಅಮ್ಮನ ಪಕ್ಕ ಕೂತಿದ್ದಾಳೆ. ಕೊನೆಯ ಒಂಬತ್ತು ತಿಂಗಳು ಅಪ್ಪ ಮಂಚದ ಮೇಲಿಂದ ಹೇಳಿದ್ದು, ಇವಳು ಎಳೆದದ್ದು.

ವಿಷಯ ತಿಳಿದು ಹೋದ ತಿಂಗಳು ಮನೆಗೆ ಹೋದೆ. ಅತ್ತಿಗೆ ಚಮಚದಲ್ಲಿ ನೀರು ಕುಡಿಸುತ್ತಿದ್ದರು. ಕ್ಷಮೆ ಕೇಳಬೇಕೆಂದೇ ಹೋಗಿದ್ದೆ. ನಾನು ಬಾಯಿ ತೆರೆಯುವ ಮೊದಲೇ, "ಲೇ, ಆ ಬಸ್ಸಿನ ಜೋಕು ಚೆನ್ನಾಗಿತ್ತು ಕಣೋ. ಅವತ್ತೇ ಕದೀಬೇಕು ಅಂದ್ಕೊಂಡೆ" ಎಂದುಬಿಟ್ಟರು. ನಾನು ಕ್ಷಮೆ ಕೇಳಲೇ ಇಲ್ಲ. ಅವರು ಬಿಡಲಿಲ್ಲ ಎಂದು ಸಮಾಧಾನ ಹೇಳಿಕೊಂಡೆ — ಸುಳ್ಳು. ಧೈರ್ಯ ಸಾಲಲಿಲ್ಲ, ಅಷ್ಟೆ. ಅಂದದ್ದು ಎಲ್ಲರೆದುರು. ಇವತ್ತು ಎಲ್ಲರೆದುರೇ ಕೇಳುತ್ತಿದ್ದೇನೆ. ಕ್ಯಾಪ್ಟನ್, ತಪ್ಪಾಯಿತು.

ಮಂಗಳವಾರ ಬೆಳಿಗ್ಗೆ ಅವರು ಹೋದರು. ಈ ಭಾನುವಾರದ ಚಿತ್ರ ಮಗಳ ಮೇಜಿನ ಮೇಲಿತ್ತು. ಮೂರು ಚೌಕ ಪೂರ್ತಿ. ನಾಲ್ಕನೆಯದರಲ್ಲಿ ಕ್ಯಾಪ್ಟನ್ ಬಾಯಿ ತೆರೆದು ನಿಂತಿದ್ದಾನೆ — ಮಾತು ಬರೆಯುವ ಗುಳ್ಳೆ ಖಾಲಿ.

"ಬೆಳಿಗ್ಗೆ ಎದ್ದು ಹೇಳ್ತೀನಿ ಅಂದಿದ್ರು ಅಂಕಲ್. ಏನ್ ಬರೀಲಿ?" ಎಂದು ಕೇಳಿದಳು.

ಹಾಳೆಯನ್ನು ಅವಳ ಕೈಯಿಂದ ತೆಗೆದುಕೊಂಡು ಆಫೀಸಿಗೆ ತಂದೆ. ನಾಡಿದ್ದು ಅದು ಹಾಗೆಯೇ ಅಚ್ಚಾಗುತ್ತದೆ. ಕೆಳಗೆ ಅಪ್ಪ, ಮಗಳು — ಇಬ್ಬರ ಹೆಸರೂ ಇರುತ್ತದೆ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲೋಣ. ಅತ್ತಿಗೆ, ನೀವು ಕೂತೇ ಇರಿ. — ಎರಡು ನಿಮಿಷ. ಯಾರೂ ಏನೂ ಹೇಳುವುದು ಬೇಡ.