ಎಡಗಡೆ ಕವರಿನೊಳಗಿನ ಭಂಡಾರ

ನಾನು ವಿಜಯಾ ಕೋಂ ಅಂದಾನೆಪ್ಪ ಯರಗಟ್ಟಿ, ವಯಸ್ಸು 38 ವರ್ಷ, ಉದ್ಯೋಗ ಹೊಲಿಗೆ ಕೆಲಸ ಹಾಗೂ ಕಿರಾಣಿ ಅಂಗಡಿ, ಸಾಕಿನ್ ಪೇಟೆ ಓಣಿ, ಮುನವಳ್ಳಿ, ತಾಲೂಕು ಸವದತ್ತಿ. ಕಳುವಾದ ನಮ್ಮ ಮೋಟಾರ್ ಸೈಕಲ್ಲಿನ ಎಂಜಿನ್ ಇದೇ ಎಂದು ಹೇಗೆ ಗುರುತು ಹಿಡಿದಿರಿ ಎಂದು ಠಾಣೆಯಲ್ಲಿ ಕೇಳಿದ್ದಕ್ಕೆ ಈ ಮೂಲಕ ತಿಳಿಸುವುದೇನೆಂದರೆ, ಅದು ಒಂದು ಮಾತಿನಲ್ಲಿ ಹೇಳುವಂಥದ್ದಲ್ಲ. ಬರೆದುಕೊಳ್ಳುವ ಹವಾಲ್ದಾರರು ಚಿಕ್ಕದಾಗಿ ಹೇಳಿರಿ ಎಂದರು. ಚಿಕ್ಕದಾಗಿ ಹೇಳಬೇಕಿದ್ದರೆ ಎಂಜಿನ್ನಿನ ಮೇಲೆ ನಂಬರ್ ಇರಬೇಕಿತ್ತು, ಅದನ್ನು ಯಾರೋ ಪುಣ್ಯಾತ್ಮರು ಅರದಿಂದ ತಿಕ್ಕಿ ತೆಗೆದಿದ್ದಾರೆ. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

1996ನೇ ಇಸವಿಯ ಬೇಸಿಗೆಯಲ್ಲಿ ನನ್ನ ಗಂಡ ಅಂದಾನೆಪ್ಪ ಇವರು ದೊಡವಾಡದ ಬಸಲಿಂಗಪ್ಪ ಎಂಬುವರ ದನದ ಕೊಟ್ಟಿಗೆಯಲ್ಲಿ ಬಿದ್ದಿದ್ದ ರಾಜದೂತ 350 ಗಾಡಿಯನ್ನು ಟೆಂಪೋದಲ್ಲಿ ಹೇರಿಕೊಂಡು ಮನೆಗೆ ತಂದರು. ಎರಡು ಸಿಲಿಂಡರಿನ ಗಾಡಿ. ಎಂಜಿನ್ ಜಾಮ್ ಆಗಿತ್ತು, ಸೈಲೆನ್ಸರಿನಲ್ಲಿ ಇಲಿ ಮರಿ ಹಾಕಿತ್ತು. ನನ್ನ ಗಂಡ ಹರೆಯದಲ್ಲಿದ್ದಾಗ ಬೈಲಹೊಂಗಲದ ಬಸ್ ಸ್ಟ್ಯಾಂಡ್ ಮುಂದೆ ಅಂಥ ಗಾಡಿ ಹಾಯ್ದು ಹೋದದ್ದನ್ನು ಒಮ್ಮೆ ಕಂಡಿದ್ದರಂತೆ, ಅಂದಿನಿಂದ ಹುಚ್ಚು ಹಿಡಿದಿತ್ತು. ಬೆಲ್ಲ, ಬ್ಯಾಳಿ ತೂಗುವವರಿಗೆ ಇದೇಕೆ ಬೇಕಿತ್ತು ಎಂದು ನಾನು ಸಿಟ್ಟಾದೆನು. ಅವರು ನಕ್ಕರು. ನಾನು ಸಿಟ್ಟಾದಾಗ ನಗುವುದು ಅವರ ರೂಢಿ ಇರುತ್ತದೆ.

ಎಂಜಿನ್ನನ್ನು ನಮ್ಮ ಪಡಸಾಲೆಯಲ್ಲಿಯೇ ಬಿಚ್ಚಿದರು. ರೊಟ್ಟಿ ಬಡಿಯುವ ಕೊಣಮಿಗೆ ಕೂಡ ಗ್ರೀಸ್ ಹತ್ತಿತು. ಬೋಲ್ಟುಗಳು ಕಾಲಿಗೆ ಚುಚ್ಚತೊಡಗಿದ ಮೇಲೆ ನಾನು ಹಳೇ ಕೌದಿಯೊಂದಕ್ಕೆ ಸಾಲಾಗಿ ಕಿಸೆ ಹೊಲಿದು ಗೋಡೆಗೆ ತೂಗು ಹಾಕಿದೆನು. ಯಾವ ಬೋಲ್ಟ್ ಯಾವ ಜಾಗದ್ದು ಎಂಬುದನ್ನು ಕಿಸೆಯ ಮೇಲೆ ಬಟ್ಟೆ ಕತ್ತರಿಸುವ ಸೀಮೆಸುಣ್ಣದಿಂದ ಬರೆದೆನು. ಬೈಯುತ್ತ ಬೈಯುತ್ತಲೇ ಎಡ ಯಾವುದು, ಬಲ ಯಾವುದು, ಪಿಸ್ಟನ್ ರಿಂಗಿನ ಬಾಯಿ ಯಾವ ಕಡೆ ಬರಬೇಕು ಎಂಬುದೆಲ್ಲ ನನಗೆ ಬಂದುಬಿಟ್ಟಿತು. ಮಧ್ಯಾಹ್ನ ಅಂಗಡಿ ಮುಚ್ಚಿ ಇಬ್ಬರೂ ಆ ಎಂಜಿನ್ನಿನ ಮುಂದೆ ಕೂರುತ್ತಿದ್ದೆವು. ನಮ್ಮ ಸಂಸಾರದಲ್ಲಿ ಅಷ್ಟು ಮಾತಾಡಿದ ದಿವಸಗಳು ಬೇರೆ ಇಲ್ಲ. ಇದನ್ನು ಬರೆಯಬೇಕೇ ಎಂದು ಹವಾಲ್ದಾರರು ಕೇಳಿದರು. ಬರೆಯಿರಿ ಎಂದೆನು.

ಆ ವರ್ಷದ ಮಹಾನವಮಿಯ ಖಂಡೇಪೂಜೆಯ ದಿವಸ ಎಡವಟ್ಟಾಯಿತು. ಅಂದು ಮನೆಯಲ್ಲಿನ ಕಬ್ಬಿಣದ ಸಾಮಾನುಗಳನ್ನೆಲ್ಲ ಪೂಜೆಗೆ ಇಡುತ್ತೇವೆ, ಮರುದಿವಸದವರೆಗೆ ಯಾರೂ ಮುಟ್ಟುವಂತಿಲ್ಲ. ಈ ಎಂಜಿನ್ನಿನ ಕೆಳಗಿನ ಹೋಳಿನ ಮೇಲೆ ಮೇಲಿನ ಹೋಳು ಕೂರುತ್ತದೆ, ನಡುವೆ ಬರೀ ಅಂಟು, ಬೇರೇನೂ ಇಲ್ಲ. ನನ್ನ ಗಂಡ ಪೂಜೆಗೆ ಮುಂಚೆಯೇ ಕೂರಿಸಿಬಿಡುತ್ತೇನೆ ಎಂದು ಹಟ ಹಿಡಿದು ಅಂಟು ಹಚ್ಚಿದರು. ಅಷ್ಟರಲ್ಲಿ ಅತ್ತೆಯವರಾದ ಸೋಮವ್ವ ಆರತಿ ಹಿಡಿದು ಬಂದು, ಬೋಲ್ಟ್ ಬಿಗಿಯುವ ಪಾನಾಗಳನ್ನೆಲ್ಲ ಎತ್ತಿ ಪೂಜೆಗೆ ಇಟ್ಟು, ಉಧೋ ಉಧೋ ಎನ್ನುತ್ತ ಎಲ್ಲವ್ವನ ಗುಡ್ಡದಿಂದ ತಂದ ಭಂಡಾರವನ್ನು ಪಾನಾಗಳ ಮೇಲೂ ಎಂಜಿನ್ನಿನ ಮೇಲೂ ತೂರಿದರು. ಹಸಿ ಅಂಟಿನ ಮೇಲೆ ಅರಿಷಿಣ ಕೂತಿತು. ನನ್ನ ಗಂಡ ಬಟ್ಟೆ ಎತ್ತಿಕೊಂಡರು. ಅತ್ತೆಯವರು ಅವರ ಕೈ ಹಿಡಿದು,

"ಭಂಡಾರ ಒರಸಬ್ಯಾಡೋ ಅಂದಾನಿ, ಅದರಾಗ ತಾಯಿ ಅದಾಳ" ಎಂದರು.

ಅವರು ಒರೆಸಲಿಲ್ಲ. ಅಂಟು ಒಣಗೀತೆಂದು ಹಾಗೆಯೇ ಮೇಲಿನ ಹೋಳು ಕೂರಿಸಿದರು. ಪಾನಾ ಮುಟ್ಟುವಂತಿರಲಿಲ್ಲವಾದ್ದರಿಂದ ಬೋಲ್ಟುಗಳನ್ನು ಬೆರಳಿನಿಂದ ತಿರುವಿ, ಮರುದಿವಸ ಬನ್ನಿ ಕೊಟ್ಟು ಬಂದ ಮೇಲೆ ಬಿಗಿ ಮಾಡಿದರು.

ದೀಪಾವಳಿಯ ಹೊತ್ತಿಗೆ ಗಾಡಿ ಚಾಲೂ ಆಯಿತು, ಆದರೆ ಹದಕ್ಕೆ ಬರಲಿಲ್ಲ. ಎಕ್ಸಲೇಟರ್ ಬಿಟ್ಟರೂ ತನ್ನಷ್ಟಕ್ಕೆ ತಾನೇ ರೇಸ್ ಆಗುತ್ತಿತ್ತು. ಬಲಗಡೆಯ ಪ್ಲಗ್ ಕಾಫಿ ಬಣ್ಣಕ್ಕೆ ಬಂದರೆ ಎಡಗಡೆಯದು ಸುಣ್ಣದಂತೆ ಬೆಳ್ಳಗೆ ಬರುತ್ತಿತ್ತು, ಅಂದರೆ ಎಡಗಡೆಗೆ ಎಲ್ಲಿಂದಲೋ ಹೆಚ್ಚಿಗೆ ಗಾಳಿ ಹೋಗುತ್ತಿತ್ತು. ಕಾರ್ಬುರೇಟರ್ ಬಿಚ್ಚಿದರು, ಪಾಯಿಂಟ್ ಬದಲಿಸಿದರು, ಹುಬ್ಬಳ್ಳಿಯಿಂದ ಆಯಿಲ್ ಸೀಲ್ ತಂದು ಹಾಕಿದರು. ಸವದತ್ತಿಯ ಏರಿನಲ್ಲಿ ಎಡಗಡೆಯ ಪಿಸ್ಟನ್ ಹಿಡಿದುಕೊಂಡಿತು, ಪುಣ್ಯಕ್ಕೆ ಬೀಳಲಿಲ್ಲ. ಆರಿದ ಮೇಲೆ ಪಿಸ್ಟನ್ ಬಿಟ್ಟುಕೊಂಡಿತು, ಎಂಜಿನ್ ಮಾತ್ರ ಮತ್ತೆ ಪಡಸಾಲೆಗೆ ಬಂದಿತು. ಆ ದಿವಸ ಅವರು, ನಾನು ಹೊಲಿಗೆ ಸೂಜಿಯಿಂದ ಕಾರ್ಬುರೇಟರಿನ ತೂತು ಸ್ವಚ್ಛ ಮಾಡಿದ್ದರಿಂದಲೇ ತೂತು ದೊಡ್ಡದಾಗಿದೆ ಎಂದರು. ಅವರೇ ಮಾಡು ಎಂದದ್ದು. ನಾನು ಮಾತು ಬಿಟ್ಟೆನು. ಅಡುಗೆ ಮಾಡಿ ಇಡುತ್ತಿದ್ದೆನು, ಮಾತು ಮಾತ್ರ ಇಲ್ಲ.

ಮಾತಿಲ್ಲದ ಆ ದಿವಸಗಳಲ್ಲಿಯೇ ಒಂದು ಮುಂಜಾನೆ, ಪಡಸಾಲೆ ತೊಳೆಯುವಾಗ ಎಂಜಿನ್ನಿನ ಜಿಡ್ಡು ನೋಡಲಾಗದೆ ಅದಕ್ಕೂ ಸಬಕಾರದ ನೀರು ಹೊಡೆದೆನು. ಕಿಕ್ಕರನ್ನು ಕೈಯಿಂದ ಮೆಲ್ಲಗೆ ಒತ್ತಿದಾಗ ಎಡಗಡೆ ಎರಡು ಹೋಳು ಕೂಡುವ ಜಾಗದಲ್ಲಿ ನೊರೆ ಗುಳ್ಳೆ ಗುಳ್ಳೆಯಾಗಿ ಎದ್ದಿತು. ಮತ್ತೆ ಒತ್ತಿದೆನು, ಮತ್ತೆ ಎದ್ದಿತು. ಮಾತು ಬಿಟ್ಟದ್ದು ಮರೆತು ಅವರನ್ನು ಕೂಗಿದೆನು. ಬಿಚ್ಚಿ ನೋಡಿದರೆ ಅಲ್ಲಿ ಅಂಟಿನಲ್ಲಿ ಭಂಡಾರ ಗಂಟು ಗಂಟಾಗಿ ಒಣಗಿ ಸಂದಿ ಬಿಟ್ಟಿತ್ತು, ಗಾಳಿ ಹೋಗುತ್ತಿದ್ದದ್ದು ಅಲ್ಲಿಂದಲೇ. ಅತ್ತೆಯವರು ಬಗ್ಗಿ ನೋಡಿ ಒಳಗೆ ಹೋದರು. ಅಂದು ಅವರು ಊಟ ಮಾಡಲಿಲ್ಲ.

ನನ್ನ ಗಂಡ ಎರಡೂ ಹೋಳುಗಳನ್ನು ಸ್ವಚ್ಛ ಮಾಡಿ ಹೊಸ ಅಂಟು ಹಚ್ಚಿ ಮುಚ್ಚಿದರು. ಆದರೆ ಕೆರೆದು ತೆಗೆದ ಭಂಡಾರವನ್ನು ಚೆಲ್ಲಲಿಲ್ಲ. ಎಂಜಿನ್ನಿನ ಎಡಗಡೆಯ ಕವರಿನೊಳಗೆ, ಎಣ್ಣೆ ತಾಗದ ಜಾಗದಲ್ಲಿ ಒಂದು ತಗ್ಗು ಇದೆ. ಅದರಲ್ಲಿ ಭಂಡಾರ ಇಟ್ಟು, ನನ್ನಿಂದ ಕೆಂಪು ಕುಬಸದ ಬಟ್ಟೆಯ ತುಂಡು ಇಸಿದುಕೊಂಡು ಮೇಲೆ ಅಂಟಿಸಿ, ಅತ್ತೆಯವರನ್ನು ಕರೆದು ತೋರಿಸಿದರು. "ಇದು ನಿನ್ನ ಪಾಲು ಬೇ" ಎಂದರು. ಆಮೇಲೆ ಅತ್ತೆಯವರು ಊಟ ಮಾಡಿದರು. ಸೂಜಿಯ ಮಾತಿಗೆ ಮಾತ್ರ ನನ್ನ ಗಂಡ ಇವತ್ತಿನವರೆಗೆ ತಪ್ಪಾಯಿತು ಎಂದಿಲ್ಲ.

ಅಂದಿನಿಂದ ಗಾಡಿ ಸರಿಯಾಯಿತು. ಕಿತ್ತೂರಿಗೆ ಹೋದೆವು, ನವಿಲುತೀರ್ಥದ ಡ್ಯಾಮಿಗೆ ಎಷ್ಟು ಸಲ ಹೋದೆವೋ ನೆನಪಿಲ್ಲ. ಹಿಂದೆ ಕೂತ ನನಗೆ ಸೆರಗು ಹಿಡಿಯುವುದೇ ಒಂದು ಕೆಲಸ. ಸಿರಸಂಗಿ ದಾರಿಯಲ್ಲಿ ಬಿಳಿ ಜೋಳದ ಹೊಲಗಳ ನಡುವೆ ಅವರು ಪೂರಾ ಎಕ್ಸಲೇಟರ್ ಕೊಟ್ಟರೆ ನಾನು ಬೆನ್ನಿಗೆ ಗುದ್ದುತ್ತಿದ್ದೆನು, ಮೆಲ್ಲಗೆ ಹೊಡೆದರೆ ಯಾಕೆ ಮೆಲ್ಲಗೆ ಎಂದು ಕೇಳುತ್ತಿದ್ದೆನು. ಅತ್ತೆಯವರೂ ತೀರಿಕೊಳ್ಳುವ ಮುಂಚೆ ಒಮ್ಮೆ ಅದರ ಮೇಲೆ ಎಲ್ಲವ್ವನ ಗುಡ್ಡಕ್ಕೆ ಹೋಗಿ ಬಂದರು. ಬಂದು ಇಳಿದವರು ಬಸ್ಸಿನಲ್ಲಿ ಹೋದರೆ ಹೊತ್ತಾಗುತ್ತದೆ ನೋಡು ಎಂದು ನನಗೇ ಬುದ್ಧಿ ಹೇಳಿದರು.

2005ರಲ್ಲಿ ನನ್ನ ಗಂಡನಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಮತ್ತು ಮಾತು ಹೋದವು. ತಿಳಿವಳಿಕೆ ಇದೆ, ಬಾಯಿ ಇಲ್ಲ. ಅಂದಿನಿಂದ ದಿನಾಲೂ ಸಂಜೆ ನಾನೇ ಕಿಕ್ ಹೊಡೆದು ಗಾಡಿ ಚಾಲೂ ಮಾಡುತ್ತಿದ್ದೆನು. ಅವರು ಕಟ್ಟೆಯ ಮೇಲೆ ಕೂತು, ಕಣ್ಣು ಮುಚ್ಚಿ ಕೇಳುತ್ತಿದ್ದರು. ಹದ ತಪ್ಪಿದ್ದರೆ ಎಡಗೈಯ ಎರಡು ಬೆರಳನ್ನು ಗಾಳಿಯಲ್ಲಿ ತಿರುವಿ ತೋರಿಸುತ್ತಿದ್ದರು, ನಾನು ಕಾರ್ಬುರೇಟರಿನ ಸ್ಕ್ರೂ ಅಷ್ಟೇ ತಿರುವುತ್ತಿದ್ದೆನು. ಸರಿಯಾದರೆ ಮೊದಲಿನಂತೆ ನಗುತ್ತಿದ್ದರು. ನಮಗೆ ಉಳಿದ ಮಾತು ಅದೊಂದೇ ಇತ್ತು.

ಈ ವರ್ಷ ಫೆಬ್ರವರಿಯಲ್ಲಿ ಅವರನ್ನು ಧಾರವಾಡಕ್ಕೆ ತೋರಿಸಲು ಕರೆದುಕೊಂಡು ಹೋದ ದಿವಸ, ಮನೆಯ ಕೀಲಿ ಮುರಿದು ಗಾಡಿ ಕದ್ದರು. ಫಿರ್ಯಾದಿ ಕೊಟ್ಟಿದ್ದೇನೆ. ಅಂದಿನಿಂದ ನನ್ನ ಗಂಡ ಸಂಜೆಯಾದರೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾರೆ. ನಾನು ಏನು ಮಾತಾಡಿಸಿದರೂ ತಿರುಗುವುದಿಲ್ಲ.

ಇವತ್ತು ರಾಮದುರ್ಗದಿಂದ ಒಂದು ಗಾಡಿ ತಂದಿದ್ದೇವೆ ಎಂದು ಠಾಣೆಯಿಂದ ಕರೆ ಬಂದದ್ದರಿಂದ ಗಂಡನನ್ನು ಟೆಂಪೋದಲ್ಲಿ ಕೂರಿಸಿಕೊಂಡು ಬಂದೆನು. ಗಾಡಿ ನೋಡಿದೆನು. ಚಾಸಿ ನಮ್ಮದಲ್ಲ, ಪೆಟ್ರೋಲ್ ಟಾಕಿ ನಮ್ಮದಲ್ಲ, ಬಣ್ಣವೂ ಅಲ್ಲ. ನಮ್ಮದಲ್ಲ ಎಂದು ಹೇಳಿ ಹೊರಟೆನು. ಗಾಡಿ ಇಟ್ಟುಕೊಂಡಿದ್ದ ರಾಮದುರ್ಗದ ಯಮನಪ್ಪ ಎಂಬುವರು ತಾನು ಎಂಜಿನ್ನನ್ನು ಗುಜರಿಯವನಿಂದ ಕೊಂಡು ಜೋಡಿಸಿದ್ದಾಗಿ ಹೇಳಿ, ಸಾಹೇಬರಿಗೆ ತೋರಿಸಲು ಕಿಕ್ ಹೊಡೆದರು. ಹೊರಗೆ ಟೆಂಪೋದಲ್ಲಿ ಕೂತಿದ್ದ ನನ್ನ ಗಂಡ ಎಡಗೈಯಿಂದ ತಗಡನ್ನು ದಬದಬನೆ ಬಡಿದರು. ಓಡಿ ಹೋಗಿ ನೋಡಿದರೆ ಕಣ್ಣು ಮುಚ್ಚಿ, ಎರಡು ಬೆರಳನ್ನು ಗಾಳಿಯಲ್ಲಿ ತಿರುವುತ್ತಿದ್ದರು. ನನಗೆ ಅಳು ಬಂದಿತು.

ಕಿವಿಯ ಗುರುತು ಕಾಗದದಲ್ಲಿ ನಡೆಯುವುದಿಲ್ಲ ಎಂದು ಸಾಹೇಬರು ತಿಳಿಸಿದರು. ಆಗ ನಾನು ಎಡಗಡೆಯ ಕವರಿನೊಳಗೆ ಏನಿರಬೇಕು ಎಂಬುದನ್ನು ಎಲ್ಲರೆದುರು ಹೇಳಿದೆನು. ಇಷ್ಟು ಕೈ ದಾಟಿದ ಎಂಜಿನ್, ನಂಬರನ್ನೇ ಬಿಡದವರು ಅರಿಷಿಣ ಬಿಟ್ಟಾರೆಯೇ ಎಂದು ಹೇಳುವಾಗಲೇ ನನಗೆ ಅನುಮಾನವಿತ್ತು. ಕವರ್ ಬಿಚ್ಚುವ ಮುಂಚೆಯೇ ಯಮನಪ್ಪ ತಲೆಯ ಮೇಲಿನ ಟೊಪ್ಪಿಗೆ ತೆಗೆದರು.

"ಐತ್ರಿ ಸಾಹೇಬ್ರ, ಕೆಂಪ ಅರಬಿ ಐತಿ. ಎಲ್ಲಾ ತಿಕ್ಕಿ ತೊಳದೇನಿ, ಭಂಡಾರಕ್ಕ ಕೈ ಹಚ್ಚಾಕ ಮನಸ ಬರಲಿಲ್ಲ" ಎಂದರು.

ಕವರ್ ಬಿಚ್ಚಿದರು, ಇತ್ತು. ಯಮನಪ್ಪ ಇವರ ಮೇಲೆ ನನ್ನದೇನೂ ತಕರಾರು ಇರುವುದಿಲ್ಲ, ಕದ್ದವರು ಬೇರೆ.

ಕೋರ್ಟಿನ ಹುಕುಂ ಬರುವವರೆಗೆ ಎಂಜಿನ್ ಠಾಣೆಯಲ್ಲಿಯೇ ಇರಬೇಕೆಂದು ಸಾಹೇಬರು ತಿಳಿಸಿದ್ದಾರೆ, ಇರಲಿ. ಆದರೆ ಹುಕುಂ ಬರುವವರೆಗೆ ದಿನಾಲೂ ಸಂಜೆ ನಾನು ನನ್ನ ಗಂಡನನ್ನು ಇಲ್ಲಿಗೆ ಕರೆದುಕೊಂಡು ಬರುತ್ತೇನೆ, ಒಂದು ಸಲ ಚಾಲೂ ಮಾಡಲು ಪರವಾನಗಿ ಕೊಡಬೇಕು. ಅದಕ್ಕಿಂತ ಮುಂಚೆ ಎಡಗಡೆಯ ಸ್ಕ್ರೂ ಕಾಲು ಸುತ್ತು ತಿರುವಬೇಕಾಗಿದೆ. ಅವರು ಹೇಳಿದ್ದಾರೆ.

ಇಲ್ಲಿ ಬರೆದದ್ದೆಲ್ಲ ನನ್ನ ಬಾಯಿಂದ ಬಂದದ್ದೇ ಇದ್ದು, ಓದಿಸಿ ಕೇಳಿ, ಖರೆ ಇದೆ ಎಂದು ಒಪ್ಪಿ ಸಹಿ ಮಾಡಿದ್ದೇನೆ.

ಸ್ಥಳ: ಸವದತ್ತಿ
ದಿನಾಂಕ: 14-11-2007

ಸಹಿ: ವಿಜಯಾ ಅಂ. ಯರಗಟ್ಟಿ
ಸಾಕ್ಷಿ: ಅಂದಾನೆಪ್ಪ ಯರಗಟ್ಟಿ (ಎಡಗೈ ಹೆಬ್ಬೆಟ್ಟಿನ ಗುರುತು)