ಅಮ್ಮನ ಮುಖಕ್ಕೊಂದು ಲೆನ್ಸು

ಫೋಟೊಗೆ ಕಟ್ಟು ಹಾಕುವ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಯಾರೋ ಒಬ್ಬ ಅಕ್ಕ, ಅವಳ ತಮ್ಮ ನಿಂತಿದ್ದರು. ತಮ್ಮನ ಹೆಗಲಲ್ಲಿ ಭಾರದ ಕ್ಯಾಮೆರಾ ಚೀಲ. ಅಕ್ಕನ ಕೈಯಲ್ಲಿ ತೀರಿಕೊಂಡ ತಾಯಿಯ ಗುರುತಿನ ಚೀಟಿ.

"ಇಷ್ಟು ಚಿಕ್ಕ ಫೋಟೊನ ದೊಡ್ಡದು ಮಾಡಿದ್ರೆ ಮುಖ ಒಡೆದುಹೋಗುತ್ತೆ ಅಕ್ಕ."

"ಬೇರೆ ಇದ್ರೆ ಕೊಡಪ್ಪ, ದೊಡ್ಡ ಫೋಟೊಗ್ರಾಫರು ನೀನು."

"ಇಲ್ಲ."

"ಮರಕುಟಿಗದ್ದಾದ್ರೆ ನಾನೂರು ಫೋಟೊ ಇದೆ."

"ಅದು ದೂರದ ಹಕ್ಕಿ ತೆಗೆಯೋ ಲೆನ್ಸು. ಮುಖಕ್ಕೆ ಅಂತ ಯಾವುದು ತಗೊಳ್ಳೋದು ಅಂತ ನೋಡ್ತಾ ಇದ್ದೆ."

"ಎರಡು ವರ್ಷ ನೋಡ್ದೆ. ಪಾಪ, ಅಮ್ಮ ಸೀರೆ ಬದಲಾಯಿಸಿ ಬಂದು ಕೂತಿದ್ಲು. 'ಈ ಲೆನ್ಸಲ್ಲಿ ಮೂಗು ದಪ್ಪ ಬರುತ್ತಮ್ಮ' ಅಂತ ಎಬ್ಬಿಸಿ ಕಳಿಸ್ದೆ."

"ಚೆನ್ನಾಗಿ ಬರ್ಲಿ ಅಂತ ತಾನೆ?"

"ದಪ್ಪ ಮೂಗೇ ಸಾಕಾಗಿತ್ತು ಕಣೋ."

ಅಂಗಡಿಯವರು ಕರೆದರು. ತಮ್ಮ ಬಾಯಿ ತೆರೆಯುವಷ್ಟರಲ್ಲಿ, "ಹೇಗಿದೆಯೋ ಹಾಗೇ ಮಾಡ್ಕೊಡಿ, ಇವನನ್ನ ಮಾತ್ರ ಏನೂ ಕೇಳ್ಬೇಡಿ" ಎನ್ನುತ್ತ ಅಕ್ಕ ಒಳಗೆ ಹೋದಳು.